ಗಿಟಾರಿನಂತೆ ಹಿಡಿದು ನುಡಿಸುವ ಡಲ್ಸಿಮರ್: ಹೊಸಬರು ಯಾವುದನ್ನು ಕೊಳ್ಳಬೇಕು?

ಪ್ರಶ್ನೆ: ನನಗೆ 58 ವರ್ಷ. ನಾರ್ತ್ ಕ್ಯಾರೊಲೈನಾದಲ್ಲಿ ಮಗನ ಮನೆಯಲ್ಲಿದ್ದೇನೆ. ಆಶ್‌ವಿಲ್‌ನಲ್ಲಿ ಒಬ್ಬರು ಡಲ್ಸಿಮರನ್ನು ತೊಡೆಯ ಮೇಲಿಟ್ಟುಕೊಂಡು ನುಡಿಸುತ್ತಿದ್ದುದನ್ನು ಕೇಳಿದ ಮೇಲೆ ಕಲಿಯುವ ಆಸೆ ಹುಟ್ಟಿದೆ. ಆದರೆ ಸೊಂಟದ ನೋವಿನಿಂದಾಗಿ ಹೆಚ್ಚು ಹೊತ್ತು ಬಾಗಿ ಕೂರಲಾರೆ. ಗಿಟಾರಿನಂತೆ ಹಿಡಿಯುವ ಸಣ್ಣ ಡಲ್ಸಿಮರುಗಳೂ ಇವೆ ಎಂದು ಅಂಗಡಿಯವರು ಹೇಳಿದರು. ಹಿಂದೆ ಗಿಟಾರ್ ಕಲಿಯಲು ಹೋಗಿ, ಬೆರಳು ನೋವು ತಾಳಲಾರದೆ ಬಿಟ್ಟವಳು ನಾನು. ಬಿಳಿ ಐದರ ಶ್ರುತಿಯಲ್ಲಿ ದೇವರನಾಮ ಹಾಡುತ್ತೇನೆ. ಊರಿಗೆ ಬರುವಾಗ ಜೊತೆಗೆ ತರುವಂತಿರಬೇಕು. ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಬಿಳಿ ಐದರಲ್ಲಿ, ಅಂದರೆ ಹಾರ್ಮೋನಿಯಂನ ಐದನೆಯ ಬಿಳಿ ಮನೆಯನ್ನು ಷಡ್ಜವಾಗಿಟ್ಟು, ಹಾಡುವವರಿಗೆ ಸ, ಪ, ಮೇಲಿನ ಸ ಎಂದು ಶ್ರುತಿ ಮಾಡಿದ ಮೂರು ತಂತಿಯ ವಾದ್ಯವೇ ತಕ್ಕದ್ದು. ಅದನ್ನು ವಿವರಿಸುವ ಮೊದಲು ಹೆಸರಿನ ಗೊಂದಲವೊಂದನ್ನು ಬಿಡಿಸುತ್ತೇನೆ. ಡಲ್ಸಿಮರ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ವಾದ್ಯಗಳಿವೆ. ಒಂದು ನಮ್ಮ ಸಂತೂರಿನ ಬಂಧು, ಕೋಲುಗಳಿಂದ ಬಡಿದು ನುಡಿಸುವಂಥದ್ದು. ನೀವು ಕೇಳಿದ್ದು ಇನ್ನೊಂದು, ಅಪಲೇಚಿಯನ್ ಬೆಟ್ಟಸೀಮೆಯದು. ಜರ್ಮನ್ ವಲಸಿಗರ ಷೈಟ್‌ಹೋಲ್ಟ್ ಎಂಬ ವಾದ್ಯದ ವಂಶಕ್ಕೆ ಸೇರಿದ ಇದು 19ನೆಯ ಶತಮಾನದಲ್ಲಿ ಅಲ್ಲಿ ರೂಪುಗೊಂಡಿತು. ಕೆಂಟಕಿಯ ಗಾಯಕಿ ಜೀನ್ ರಿಚಿ 1950ರ ದಶಕದಲ್ಲಿ ನ್ಯೂಯಾರ್ಕಿನ ಶ್ರೋತೃಗಳ ಮುಂದೆ ನುಡಿಸಿದ ಮೇಲೆ ಬೆಟ್ಟದ ಹೊರಗೂ ಇದಕ್ಕೆ ಪ್ರೀತಿ ದೊರೆಯಿತು.

ಈ ವಾದ್ಯವನ್ನು ಸುಲಭವಾಗಿಸಿರುವುದು ಅದರ ಮೆಟ್ಟಿಲುಗಳ, ಅಂದರೆ ತಂತಿಯ ಕೆಳಗೆ ಅಡ್ಡಲಾಗಿ ಕೂರಿಸಿದ ಫ್ರೆಟ್‌ಗಳ, ಜೋಡಣೆ. ಗಿಟಾರಿನಲ್ಲೂ ವೀಣೆಯಲ್ಲೂ ಒಂದು ಸ್ಥಾಯಿಗೆ ಹನ್ನೆರಡು ಮೆಟ್ಟಿಲುಗಳಿದ್ದರೆ, ಡಲ್ಸಿಮರಿನಲ್ಲಿ ಸಪ್ತಸ್ವರಗಳಿಗೆ ಬೇಕಾದಷ್ಟೇ ಇರುತ್ತವೆ. ನೀವು ಒಂದು ಬೆರಳಿನಿಂದ ಮೊದಲನೆಯ ತಂತಿಯನ್ನು ಒತ್ತುತ್ತಾ ಹೋದರೆ ಸಾಕು. ಬಲಗೈ ಮೂರೂ ತಂತಿಗಳನ್ನು ಒಟ್ಟಿಗೆ ಮೀಟುವುದರಿಂದ, ಉಳಿದೆರಡು ತಂತಿಗಳು ತಂಬೂರಿಯಂತೆ ಷಡ್ಜ ಪಂಚಮಗಳನ್ನು ಹಿಡಿದಿರುತ್ತವೆ. ಗಿಟಾರಿನಲ್ಲಿ ನಿಮ್ಮ ಬೆರಳನ್ನು ನೋಯಿಸಿದ್ದು ಆರು ತಂತಿಗಳ ಮೇಲೆ ನಾಲ್ಕು ಬೆರಳುಗಳನ್ನು ಹರಡಿ ಒತ್ತುವ ಶ್ರಮ. ಇಲ್ಲಿ ಅದಕ್ಕೆ ಎಡೆಯಿಲ್ಲ.

ತೊಡೆಯ ಮೇಲಿನ ಡಲ್ಸಿಮರನ್ನೇ ಎತ್ತಿ ಗಿಟಾರಿನಂತೆ ಹಿಡಿದರಾಗದೆ ಎಂದು ಹಲವರು ಕೇಳುತ್ತಾರೆ. ಪಟ್ಟಿ ಕಟ್ಟಿ ನಿಂತು ನುಡಿಸುವವರಿದ್ದಾರೆ, ನಿಜ. ಆದರೆ ಸುಮಾರು ಮೂರು ಅಡಿ ಉದ್ದದ ಆ ವಾದ್ಯವನ್ನು ಎತ್ತಿ ಹಿಡಿದಾಗ, ರಾಗ ನುಡಿಸುವ ತಂತಿ ಕೆಳಗಿರುವ ಬದಲು ಎಲ್ಲಕ್ಕಿಂತ ಮೇಲೆ ಬರುತ್ತದೆ, ಬೆರಳುಗಳು ಅಷ್ಟು ದೂರ ಬಳಸಿ ಹೋಗಬೇಕಾಗುತ್ತದೆ. ಸ್ಟಿಕ್ ಡಲ್ಸಿಮರ್ ಎಂದು ಕರೆಯುವ ಸಣ್ಣ ವಾದ್ಯಗಳಲ್ಲಿ ದಂಡಿ ಕೈಗೆ ಹಿಡಿಯುವಷ್ಟು ಸಪೂರವಾಗಿದ್ದು, ತಂತಿಗಳ ಕ್ರಮವೂ ಗಿಟಾರಿನದೇ ಆಗಿರುತ್ತದೆ. ನಿಮಗೆ ಬೇಕಾದದ್ದು ಇದು.

ಈ ಬಗೆಯಲ್ಲಿ ಎರಡು ಹೆಸರುಗಳು ಮುಖ್ಯ. ಮಾರ್ಟಿನ್ ಕಂಪನಿಯ ಬ್ಯಾಕ್‌ಪ್ಯಾಕರ್ ಗಿಟಾರನ್ನು ರೂಪಿಸಿದ ಬಾಬ್ ಮೆಕ್‌ನಾಲಿ ಅವರ ಸ್ಟ್ರಮ್‌ಸ್ಟಿಕ್ ಒಂದು. ಮೂರೇ ತಂತಿ, ತೆಳ್ಳಗಿನ ಒಡಲು, ಹಗುರ. ಅದರ ಸಾಮಾನ್ಯ ಶ್ರುತಿ ಜಿ-ಡಿ-ಜಿ, ಅಂದರೆ ನಿಮ್ಮ ಬಿಳಿ ಐದರ ಸ-ಪ-ಸ. ಇನ್ನೊಂದು ಕೆನಡಾದ ಗೋಡಿನ್ ಸಂಸ್ಥೆ ಸೀಗಲ್ ಎಂಬ ಹೆಸರಿನಲ್ಲಿ ತಯಾರಿಸಿದ ಮರ್ಲಿನ್. ಅದರಲ್ಲಿ ನಾಲ್ಕು ತಂತಿಗಳಿದ್ದು, ರಾಗ ನುಡಿಸುವ ತಂತಿ ಜೋಡಿಯಾಗಿರುತ್ತದೆ. ಅದರ ಶ್ರುತಿ ಡಿ-ಎ-ಡಿ, ಅಂದರೆ ಬಿಳಿ ಎರಡು. ಮರ್ಲಿನ್‌ನ ನಾದ ಹೆಚ್ಚು ತುಂಬಿ ಬರುತ್ತದೆ, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೂ ಜೋಡಿ ತಂತಿಯನ್ನು ಒತ್ತಲು ತುಸು ಹೆಚ್ಚು ಬಲ ಬೇಕು, ಶ್ರುತಿಯೂ ನಿಮ್ಮ ಕಂಠದ್ದಲ್ಲ. ಬಿಳಿ ಎರಡರಲ್ಲಿ ಹಾಡುವ ಗಂಡಸರು ಕೇಳಿದ್ದರೆ ಅದನ್ನೇ ಹೇಳುತ್ತಿದ್ದೆ. ನಿಮಗೆ ಮೂರು ಒಂಟಿ ತಂತಿಯ ಜಿ ಶ್ರುತಿಯ ವಾದ್ಯವೇ ಸರಿ. ಬ್ಯಾಂಜೋದಂತೆ ಚರ್ಮದ ಮುಖವಿರುವವೂ ಸಿಗುತ್ತವೆ. ಅವುಗಳ ದನಿ ಜೋರು, ಆದರೆ ದೇವರನಾಮಕ್ಕೆ ಮರದ ಮುಖದ ಮೆದು ದನಿಯೇ ಒಪ್ಪುತ್ತದೆ.

ಹೆಸರಿಗಿಂತಲೂ ಮುಖ್ಯವಾದದ್ದು ನಿಮ್ಮ ಕೈಗೆ ಬರುವ ಆ ಒಂದು ವಾದ್ಯ ಹೇಗಿದೆ ಎಂಬುದು. ನಾನು ಮೊದಲು ಕೊಂಡದ್ದನ್ನು ನೋಡದೆ ಅಂಚೆಯಲ್ಲಿ ತರಿಸಿದ್ದೆ. ನೋಡಲು ಸೊಗಸಾಗಿತ್ತು, ಆದರೆ ತಂತಿಗಳು ಮೆಟ್ಟಿಲಿನಿಂದ ಎಷ್ಟು ಎತ್ತರದಲ್ಲಿದ್ದವೆಂದರೆ ಹತ್ತು ನಿಮಿಷದಲ್ಲಿ ಬೆರಳ ತುದಿಯಲ್ಲಿ ಗೀರು ಮೂಡುತ್ತಿತ್ತು. ಆದ್ದರಿಂದ ಅಂಗಡಿಗೆ ಹೋಗುವಾಗ ಕಿಸೆಯಲ್ಲಿ ಹತ್ತು ಸೆಂಟಿನ ಒಂದು ಡೈಮ್, ಐದು ಸೆಂಟಿನ ಒಂದು ನಿಕಲ್ ಇಟ್ಟುಕೊಳ್ಳಿ. ಮೊದಲ ಮೆಟ್ಟಿಲಿನ ಪಕ್ಕದಲ್ಲಿ ಡೈಮನ್ನು ಮಲಗಿಸಿದರೆ ತಂತಿ ಅದನ್ನು ಸವರುವಂತಿರಬೇಕು. ಮೇಲಿನ ಷಡ್ಜದ ಮೆಟ್ಟಿಲಿನ ಮೇಲೆ ನಿಕಲನ್ನು ಇಟ್ಟಾಗಲೂ ಹಾಗೆಯೇ. ನಾಣ್ಯದ ಮೇಲೆ ಇನ್ನೂ ಧಾರಾಳ ಜಾಗವಿದ್ದರೆ, ತಂತಿಗಳನ್ನು ಹೊತ್ತಿರುವ ಕುದುರೆಯನ್ನು (ಬ್ರಿಜ್) ತಗ್ಗಿಸಿಕೊಡುವಿರಾ ಎಂದು ಕೇಳಿ. ಒಲ್ಲೆ ಎಂದರೆ ಬಿಟ್ಟು ಬನ್ನಿ. ಬಳಿಕ ತಂತಿಯ ನಟ್ಟನಡುವೆ ಬೆರಳನ್ನು ಹಗುರವಾಗಿ ತಾಗಿಸಿ ಮೀಟಿದಾಗ ಬರುವ ಗಂಟೆಯಂಥ ನಾದಕ್ಕೂ, ಅದೇ ಜಾಗದ ಮೆಟ್ಟಿಲನ್ನು ಒತ್ತಿ ಮೀಟಿದಾಗ ಬರುವ ಮೇಲಿನ ಷಡ್ಜಕ್ಕೂ ವ್ಯತ್ಯಾಸವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹಾಡುವ ಕಿವಿಗೆ ಇದು ಕಷ್ಟವಲ್ಲ. ತಂತಿ ಬಿಗಿಯುವ ಬಿರಡೆಗಳು ಗಿಟಾರಿನಂತೆ ಹಲ್ಲುಚಕ್ರದವಾಗಿರಲಿ. ಪಿಟೀಲಿನಂಥ ಮರದ ಬಿರಡೆ ಹೊಸಬರ ತಾಳ್ಮೆ ಕೆಡಿಸುತ್ತದೆ.

ಇನ್ನೊಂದನ್ನು ಮರೆಯದೆ ನೋಡಿ. ಹಳೆಯ ಪದ್ಧತಿಯಲ್ಲಿ ಬಿಡಿ ತಂತಿಯಿಂದ ಏರಿದಾಗ ದೊರೆಯುವುದು ತಗ್ಗಿನ ನಿಷಾದವಾದ ಕೈಶಿಕಿ, ಅಂದರೆ ಹರಿಕಾಂಭೋಜಿಯ ಸ್ವರಗಳು. ಆರೂವರೆ ಎಂದು ಕರೆಯುವ ಹೆಚ್ಚುವರಿ ಮೆಟ್ಟಿಲಿದ್ದರೆ ಅದಕ್ಕಿಂತ ಮೇಲಿನ ಕಾಕಲಿ ನಿಷಾದವೂ ದೊರೆತು ಶಂಕರಾಭರಣ ನುಡಿಸಬಹುದು. ಮೇಲಿನ ಷಡ್ಜಕ್ಕೂ ಅದರ ಹಿಂದಿನ ಮೆಟ್ಟಿಲಿಗೂ ನಡುವಿನ ಅಂತರ ಕಿರಿದಾಗಿದ್ದರೆ ಕಾಕಲಿ ಇದೆ, ಅಗಲವಾಗಿದ್ದರೆ ಇಲ್ಲ. ಎರಡೂ ಇರುವ ವಾದ್ಯ ಸಿಕ್ಕರೆ ಅದನ್ನೇ ಆರಿಸಿ.

ಪ್ರಯಾಣದ ಚಿಂತೆ ಬೇಡ. ಉದ್ದ ಎರಡೂವರೆ ಅಡಿಯ ಆಸುಪಾಸು. ಜಾಗವಿದ್ದರೆ ಸಣ್ಣ ವಾದ್ಯಗಳನ್ನು ಕ್ಯಾಬಿನ್ನಿನಲ್ಲಿ ಒಯ್ಯಲು ಬಿಡಬೇಕೆಂಬ ನಿಯಮ ಅಮೆರಿಕದ ವಿಮಾನ ಸಂಸ್ಥೆಗಳಿಗೆ 2015ರಿಂದ ಇದೆ. ತಂತಿಗಳನ್ನು ತುಸು ಸಡಿಲಿಸಿ, ಚೀಲದಲ್ಲಿಟ್ಟು, ಕೈಯಲ್ಲೇ ತನ್ನಿ.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗಳು ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಗಾಯನ ಕಲಿಯುತ್ತಿದ್ದಾಳೆ. ಅಮೆರಿಕದಲ್ಲಿರುವ ಅವಳ ಸೋದರಮಾವ ಇಂಥದೊಂದು ಡಲ್ಸಿಮರ್ ತರುತ್ತೇನೆ ಎನ್ನುತ್ತಿದ್ದಾನೆ. ಅದರಲ್ಲಿ ಸರಳೆ ವರಸೆ ಅಭ್ಯಾಸ ಮಾಡಬಹುದೇ?

ಉತ್ತರ: ಸರಳೆ ವರಸೆ ಆಗುವುದಿಲ್ಲ. ಅದನ್ನು ನಾವು ಕಲಿಸುವುದು ಮಾಯಾಮಾಳವಗೌಳದಲ್ಲಿ. ಆ ರಾಗದ ಶುದ್ಧ ರಿಷಭ, ಶುದ್ಧ ಧೈವತಗಳಿಗೆ ಈ ವಾದ್ಯದಲ್ಲಿ ಮೆಟ್ಟಿಲುಗಳೇ ಇಲ್ಲ. ಮಗು ಅದಕ್ಕಿಂತ ಮೇಲಿನ ಚತುಶ್ರುತಿ ರಿಷಭವನ್ನು ಒತ್ತಿ ಹಾಡಲು ತೊಡಗಿದರೆ ಪಾಠವೇ ಕೆಡುತ್ತದೆ. ಆದರೆ ಅವಳು ಮೋಹನದ ಗೀತೆಗೆ ಬಂದ ದಿನ ಈ ವಾದ್ಯವನ್ನು ಕೈಗೆ ಕೊಡಿ. ಬಿಡಿ ತಂತಿ ಷಡ್ಜ, ಒಂದನೆಯ ಮೆಟ್ಟಿಲು ರಿಷಭ, ಎರಡನೆಯದು ಗಾಂಧಾರ, ಮೂರನ್ನು ಬಿಟ್ಟು ನಾಲ್ಕನೆಯದು ಪಂಚಮ, ಐದನೆಯದು ಧೈವತ, ಅಲ್ಲಿಂದ ನಿಷಾದವನ್ನು ದಾಟಿದರೆ ಮೇಲಿನ ಷಡ್ಜ. ಒಂದೇ ಸಂಜೆಯಲ್ಲಿ ಅವಳು ಇಡೀ ರಾಗವನ್ನು ಕಣ್ಣಾರೆ ಕಾಣುತ್ತಾಳೆ. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕುಳಿತಿರುವುದರಿಂದ ಅವನ್ನು ಕಿವಿಗೆ ತಕ್ಕಂತೆ ಸರಿಪಡಿಸಬಹುದು. ಇಲ್ಲಿ ಅವು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡುವ ಪಿಯಾನೋ ಲೆಕ್ಕದಲ್ಲಿ ಮರಕ್ಕೆ ಬಡಿದವು. ಹಾಗಾಗಿ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಕೂದಲೆಳೆಯಷ್ಟು ಮೇಲಿರುತ್ತದೆ. ಹಾಡುವಾಗ ಅವಳ ಶ್ರುತಿ ತಂಬೂರಿಯದ್ದೇ ಆಗಿರಲಿ.

ಸೋದರಮಾವನಿಗೆ ಒಂದು ಮಾತು ಹೇಳಿಬಿಡಿ. ಕೆಲವು ಡಲ್ಸಿಮರುಗಳ ತಂತಿಯ ತುದಿಯಲ್ಲಿ ಕುಣಿಕೆ ಇರುತ್ತದೆ, ಅಂಥ ತಂತಿ ಇಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಗಿಟಾರ್ ತಂತಿಯಂತೆ ತುದಿಯಲ್ಲಿ ಹಿತ್ತಾಳೆಯ ಗುಂಡು ಇರುವ ತಂತಿಯನ್ನು ಒಪ್ಪುವ ವಾದ್ಯವನ್ನೇ ಆರಿಸಲಿ. ತಂತಿ ಹರಿದಾಗ ಮೈಸೂರಿನ ಯಾವ ಗಿಟಾರ್ ಅಂಗಡಿಯಲ್ಲಾದರೂ ತೆಳು ತಂತಿ ಕೊಂಡು, ಉದ್ದಕ್ಕೆ ಕತ್ತರಿಸಿ ಕಟ್ಟಬಹುದು.