ಪ್ರತಿಕ್ರಿಯೆ: ಎಲ್ಲ ‘ಸೆಲ್’ ಒಂದೇನಾ?

ಜೀವಶಾಸ್ತ್ರದ ಸೆಲ್, ಟಾರ್ಚಿನ ಸೆಲ್, ಎಕ್ಸೆಲ್ ಸೆಲ್, ಸೆಲ್‌ಫೋನ್ ಇವೆಲ್ಲ ಒಂದೇ ಪದವೋ ಕಾಕತಾಳೀಯವೋ ಅಂತ ಕೇಳಿದ್ದೀರಿ. ಒಂದೇ ಪದ. ಮೂಲ ಲ್ಯಾಟಿನ್‌ನ ‘ಸೆಲ್ಲಾ’, ಅಂದರೆ ಚಿಕ್ಕ ಕೋಣೆ. ಜೈಲಿನ ಸೆಲ್‌ನಲ್ಲಿ ಆ ಅರ್ಥ ಈಗಲೂ ಹಾಗೇ ಇದೆ.

ಜೀವಶಾಸ್ತ್ರಕ್ಕೆ ಅದನ್ನು ತಂದವನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್. ಬಾಟಲಿಯ ಬಿರಡೆ ಮಾಡುವ ಕಾರ್ಕನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಜೇನುಗೂಡಿನ ಹಾಗೆ ಸಾಲುಸಾಲು ಗೂಡು ಕಂಡವು. 1665ರಲ್ಲಿ ಅವನ್ನೇ ಸೆಲ್ ಎಂದು ಕರೆದ. ತಮಾಷೆ ಏನೆಂದರೆ ಅವನು ನೋಡಿದ್ದು ಜೀವವಿಲ್ಲದ ಖಾಲಿ ಗೋಡೆಗಳನ್ನು. ಇವತ್ತು ನಾವು ಜೀವಕೋಶ ಎಂದಾಗ ಮುಖ್ಯವಾಗುವ ಒಳಗಿನ ಸರಕು ಅಲ್ಲಿ ಇರಲೇ ಇಲ್ಲ!

ವಿದ್ಯುತ್ತಿನ ವಿಷಯದಲ್ಲಿ ನಮ್ಮ ಆಡುಮಾತೇ ಸರಿ. ‘ಪೆನ್ಸಿಲ್ ಸೆಲ್’ ನಿಜಕ್ಕೂ ಒಂದೇ ಸೆಲ್, 1.5 ವೋಲ್ಟ್. ಹಲವು ಸೆಲ್ ಸೇರಿದರೆ ಬ್ಯಾಟರಿ. ಚೌಕಾಕಾರದ 9 ವೋಲ್ಟ್ ಬ್ಯಾಟರಿಯೊಳಗೆ ಇಂಥ ಆರು ಪುಟ್ಟ ಸೆಲ್‌ಗಳು ಸರಣಿಯಲ್ಲಿರುತ್ತವೆ.

ಎಕ್ಸೆಲ್‌ನದು ಬರೀ ಚೌಕ. ಅಡ್ಡಸಾಲು, ಕಂಬಸಾಲು ಸೇರುವ ಜಾಗ, ಅಷ್ಟೇ.

ಸೆಲ್‌ಫೋನಿನಲ್ಲಿ ಮಾತ್ರ ಹೆಚ್ಚಿನವರು ಎಡವುತ್ತಾರೆ, ಬ್ಯಾಟರಿಯಿಂದ ಬಂದ ಹೆಸರು ಅಂದುಕೊಂಡು. ಅಲ್ಲ. ಪ್ರದೇಶವನ್ನು ಸಣ್ಣ ಸಣ್ಣ ವಲಯಗಳಾಗಿ ಹಂಚಿ, ಒಂದೊಂದಕ್ಕೂ ಒಂದು ಟವರ್ ಕೊಡುತ್ತಾರಲ್ಲ, ಆ ವಲಯವೇ ಸೆಲ್. ಅಮೆರಿಕದ ದೂರವಾಣಿ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ 1947ರಲ್ಲೇ ಈ ಯೋಚನೆ ಹುಟ್ಟಿತ್ತು. ದೂರದೂರದ ವಲಯಗಳಲ್ಲಿ ಅದೇ ತರಂಗಾಂತರವನ್ನು ಮತ್ತೆ ಬಳಸಬಹುದು, ಹಾಗಾಗಿ ಕೆಲವೇ ತರಂಗಾಂತರಗಳಲ್ಲಿ ಲಕ್ಷಾಂತರ ಜನ ಒಟ್ಟಿಗೆ ಮಾತಾಡಬಹುದು.