ಹಾಲಿನ ಮೇಕೆ ಗೋಡೆ ನೆಕ್ಕುತ್ತೆ, ಮಣ್ಣು ತಿನ್ನುತ್ತೆ, ಗೋಣಿಚೀಲ ಅಗಿಯುತ್ತೆ. ಯಾವ ಮಿನರಲ್ ಪೌಡರ್ ಕೊಡಲಿ?

ಪೌಡರ್ ಆಮೇಲೆ ಕೊಳ್ಳುವಿರಂತೆ. ಮೊದಲು ಹೋಗಿ ಮೇಕೆಯ ಕಣ್ಣಿನ ಕೆಳರೆಪ್ಪೆ ಜಗ್ಗಿ, ಒಳಗಿನ ಬಣ್ಣ ನೋಡಿಕೊಂಡು ಬನ್ನಿ.

ಗೋಡೆ ನೆಕ್ಕುತ್ತೆ, ಮಣ್ಣು ತಿನ್ನುತ್ತೆ, ಗೋಣಿಚೀಲ ಅಗಿಯುತ್ತೆ ಅಂತ ಬರೆದಿದ್ದೀರಲ್ಲ, ಓದುತ್ತಿದ್ದ ಹಾಗೇ ನಮ್ಮ ಬೆಳ್ಳಿ ಕಣ್ಣ ಮುಂದೆ ಬಂತು. ನಾನು ಶಿರಾ ಕಡೆಯವನು. ನಮ್ಮ ಮನೆಯಲ್ಲಿ ಮೊದಲಿಂದ ಇದ್ದದ್ದು ಮಾಂಸದ ಮೇಕೆಗಳು. 2019ರಲ್ಲಿ ಹಾಲಿಗೆ ಅಂತ ಜಮುನಾಪಾರಿ ತಳಿಯ ಒಂದು ಮೇಕೆ ತಂದೆ, ಅದೇ ಬೆಳ್ಳಿ. ಅಚ್ಚ ಬಿಳಿ, ಗಿಳಿಮೂಗು, ಗೇಣಿಗಿಂತ ಉದ್ದದ ಜೋಲು ಕಿವಿ. ಎರಡನೇ ಸೂಲಿನಲ್ಲಿ ಎರಡು ಮರಿ ಹಾಕಿ, ಮರಿಗಳಿಗೆ ಬಿಟ್ಟೂ ದಿನಕ್ಕೆ ಎರಡು ಲೀಟರ್ ಹಾಲು ಕೊಡುತ್ತಿತ್ತು. ಊರವರೆಲ್ಲ ನೋಡಲು ಬರುತ್ತಿದ್ದರು. ನನಗೂ ಸ್ವಲ್ಪ ತಲೆ ತಿರುಗಿತ್ತು ಅನ್ನಿ.

ಮರಿ ಹಾಕಿ ಎರಡು ತಿಂಗಳಾಗಿತ್ತು, ಮಳೆಗಾಲ. ರಾತ್ರಿ ಮಲಗಿದರೆ ಕೊಟ್ಟಿಗೆ ಕಡೆಯಿಂದ ಸರಕ್ ಸರಕ್ ಅಂತ ಸದ್ದು. ಟಾರ್ಚ್ ಹಿಡಿದು ಹೋದರೆ ಬೆಳ್ಳಿ ಮಣ್ಣಿನ ಗೋಡೆ ನೆಕ್ಕುತ್ತಾ ನಿಂತಿರುತ್ತಿತ್ತು. ತುಟಿಯ ಮೇಲೆಲ್ಲ ಕೆಮ್ಮಣ್ಣು. ಹದಿನೈದು ದಿನದಲ್ಲಿ ಗೋಡೆಯಲ್ಲಿ ಊಟದ ತಟ್ಟೆಯಷ್ಟು ಅಗಲದ ಗುಳಿ ಬಿತ್ತು. ನಾನೂ ನಿಮ್ಮ ಹಾಗೇ ಯೋಚನೆ ಮಾಡಿದೆ. ಖನಿಜ ಕಮ್ಮಿ ಅಂದುಕೊಂಡು ಪೇಟೆಯಿಂದ ಒಂದು ಡಬ್ಬ ಮಿನರಲ್ ಮಿಕ್ಸ್ಚರ್ ತಂದೆ. ಎರಡು ವಾರ ಬೂಸಾಕ್ಕೆ ಕಲಸಿ ಕೊಟ್ಟೆ. ಗೋಡೆ ನೆಕ್ಕುವುದು ನಿಲ್ಲಲಿಲ್ಲ. ಹಾಲು ಒಂದೂಕಾಲು ಲೀಟರಿಗೆ ಇಳಿಯಿತು, ಬೆನ್ನ ಮೂಳೆ ಕೈಗೆ ಸಿಗತೊಡಗಿತು.

ಜಂತುಹುಳ ಇರಬಹುದೇ ಅನ್ನುವ ಯೋಚನೆ ಬಂದಿತ್ತು, ಸುಳ್ಳು ಹೇಳಲ್ಲ. ಹಿಕ್ಕೆ ನೋಡಿದೆ. ಗಟ್ಟಿಯಾಗಿ, ಗುಂಡಗೆ, ಗೋಲಿಗಳ ಹಾಗಿತ್ತು. ಹುಳ ಇದ್ದರೆ ಭೇದಿ ಆಗಬೇಕಲ್ವಾ ಅಂತ ಸುಮ್ಮನಾದೆ. ಅಮ್ಮ ಮಾತ್ರ ದಿನಾ ಒಂದೇ ಮಾತು: "ಅಷ್ಟು ಹಾಲು ಕರ್ಕಂತೀಯ, ಹೊಟ್ಟೆಗೆ ಹಾಕಲ್ಲ. ಮಣ್ಣು ತಿನ್ನದೆ ಇನ್ನೇನು ತಿಂತೈತೆ ಅದು?"

ಆ ಮಾತು ನನಗೆ ಚುಚ್ಚಿತು. ಅವತ್ತು ಸಂಜೆ ನಾನು ಮಾಡಿದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಇವತ್ತೋ ನಾಳೆಯೋ ಅದನ್ನೇ ಮಾಡುತ್ತೀರಿ. ದಿನಕ್ಕೆ ಎರಡು ಪಾವು ಮೆಕ್ಕೆಜೋಳದ ನುಚ್ಚು ಕೊಡುತ್ತಿದ್ದೆ. ಬೆಳಿಗ್ಗೆ ಒಂದು, ಸಂಜೆ ಒಂದು. ಅವತ್ತು ಒಂದೇ ಹೊತ್ತಿಗೆ ಒಂದೂವರೆ ಸೇರು ಸುರಿದೆ. ಅಂದರೆ ಆರು ಪಾವು. ಅದೂ ಸಣ್ಣಗೆ ಬೀಸಿದ ನುಚ್ಚು. ಮೇಕೆ ಬೇಡ ಅನ್ನುತ್ತದೆಯೇ? ಬಾನಿ ನೆಕ್ಕಿ ಹೊಳಪು ಬರಿಸಿತು. ಪಾಪ, ಎಷ್ಟು ಹಸಿದಿತ್ತೋ ಅಂದುಕೊಂಡು ನೆಮ್ಮದಿಯಾಗಿ ಮಲಗಿದೆ.

ಮೇಕೆಯ ಮೊದಲ ಹೊಟ್ಟೆ ಇದೆಯಲ್ಲ, ಅದೊಂದು ಹುದುಗು ಬರುವ ಮಡಕೆ. ಅದರೊಳಗಿನ ಸೂಕ್ಷ್ಮಜೀವಿಗಳು ಸೊಪ್ಪು, ಹೊಟ್ಟು, ಹುಲ್ಲನ್ನು ನಿಧಾನಕ್ಕೆ ಕರಗಿಸಿ ಮೇಕೆಗೆ ಊಟ ಮಾಡಿಕೊಡುತ್ತವೆ. ಅಲ್ಲಿಗೆ ಒಮ್ಮೆಗೇ ರಾಶಿ ಹಿಟ್ಟು ಬಿದ್ದರೆ ಬೇರೆ ಜಾತಿಯ ಜೀವಿಗಳು ವಿಪರೀತ ಬೆಳೆದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಬೇಸಿಗೆಯಲ್ಲಿ ದೋಸೆ ಹಿಟ್ಟು ಹೊರಗಿಟ್ಟು ಮರೆತರೆ ಏನಾಗುತ್ತೋ ಅದೇ. ಹುಳಿ ಏರುತ್ತದೆ. ನಾರು ಕರಗಿಸುವ ಜೀವಿಗಳು ಸಾಯುತ್ತವೆ. ಆ ಹುಳಿ ಮೈಯೊಳಗಿನ ನೀರನ್ನೆಲ್ಲ ಹೊಟ್ಟೆಗೆ ಎಳೆದುಕೊಳ್ಳುತ್ತದೆ, ಆಮೇಲೆ ರಕ್ತಕ್ಕೂ ಸೇರುತ್ತದೆ. ಎರಡು ಪಾವಿಗೆ ಒಗ್ಗಿದ ಹೊಟ್ಟೆ ಆರು ಪಾವಿಗೆ ಒಗ್ಗಲು ಎರಡು ವಾರ ಬೇಕು, ಅಷ್ಟು ಕೊಡುವುದೇ ಜಾಸ್ತಿ ಅನ್ನುವುದು ಬೇರೆ ವಿಷಯ. ನಾನು ಒಂದು ನಿಮಿಷವೂ ಕೊಡಲಿಲ್ಲ. ಹಬ್ಬ, ಮದುವೆಯಲ್ಲಿ ಉಳಿದ ಅನ್ನವನ್ನು ಕುಕ್ಕೆಗಟ್ಟಲೆ ಹಾಕಿ ಮೇಕೆ ಸಾಯಿಸುವುದೂ ಇದೇ ರೀತಿಯೇ.

ಬೆಳಿಗ್ಗೆ ಬೆಳ್ಳಿ ಮೆಲುಕು ಹಾಕುತ್ತಿರಲಿಲ್ಲ. ಮೂಲೆಗೆ ತಲೆ ಕೊಟ್ಟು ಹಲ್ಲು ಕಡಿಯುತ್ತಾ ನಿಂತಿತ್ತು. ಎಡಗಡೆ ಹೊಟ್ಟೆ ಒತ್ತಿದರೆ ಅರ್ಧ ತುಂಬಿದ ಬಿಂದಿಗೆ ಹಾಗೆ ಕುಲುಕುಲು ಸದ್ದು. ಮಧ್ಯಾಹ್ನ ನೀರು ನೀರಾಗಿ ಭೇದಿ, ಮೂಗು ಮುಚ್ಚುವಂಥ ಹುಳಿ ವಾಸನೆ. ಆಗಲೂ ನಾನು ಡಾಕ್ಟರಿಗೆ ಫೋನ್ ಮಾಡಲಿಲ್ಲ. ಜಾಸ್ತಿ ತಿಂದಿದೆ, ತಾನೇ ಸರಿಹೋಗುತ್ತೆ ಅಂದುಕೊಂಡೆ. ಸಂಜೆ ಮಲಗಿದ್ದು ಏಳಲೇ ಇಲ್ಲ. ಫೋನ್ ಮಾಡಿದ್ದು ರಾತ್ರಿ. ಬೆಳಗಿನ ಜಾವ ಹೋಯಿತು.

ಬೆಳಿಗ್ಗೆ ಬಂದ ಡಾಕ್ಟರು ಹೊಟ್ಟೆ ಕೊಯ್ದು ತೋರಿಸಿದರು. ದೊಡ್ಡ ಹೊಟ್ಟೆ ತುಂಬ ಹುಳಿ ಗಂಜಿ. ಒಂದು ಹಿಡಿಯಷ್ಟು ಪ್ಲಾಸ್ಟಿಕ್ ಕವರಿನ ಉಂಡೆ. ಆಮೇಲೆ ನಾಲ್ಕನೇ ಹೊಟ್ಟೆ ಬಿಡಿಸಿದರು. ಕೆಂಪು ದಾರಕ್ಕೆ ಬಿಳಿ ದಾರ ಸುತ್ತಿ ಹೊಸೆದ ಹಾಗೆ, ಬೆರಳ ಗೆಣ್ಣಿನಷ್ಟು ಉದ್ದದ ಹುಳಗಳು, ಲೆಕ್ಕ ಇಲ್ಲದಷ್ಟು. ಹೀಮಾಂಕಸ್ ಅಂತ ಹೆಸರು. "ಕೊಂದದ್ದು ಜೋಳ. ಮಣ್ಣು ತಿನ್ನಿಸಿದ್ದು ಇವು" ಅಂದರು.

ಈ ಹುಳ ರಕ್ತ ಹೀರುತ್ತದೆ. ಒಂದು ಹುಳ ದಿನಕ್ಕೆ 0.05 ಮಿಲಿಯಷ್ಟು. ಸಾವಿರ ಹುಳ ಇದ್ದರೆ ದಿನಕ್ಕೆ 50 ಮಿಲಿ. ರಕ್ತ ಕಮ್ಮಿಯಾದ ಪ್ರಾಣಿ ಮಣ್ಣು, ಗೋಡೆ ಅಂತ ಹೋಗುತ್ತದೆ, ಬಸುರಿ ಹೆಂಗಸರು ಕೆಲವರು ಮಣ್ಣು ತಿನ್ನುತ್ತಾರಲ್ಲ, ಹಾಗೆ. ನನ್ನನ್ನು ಮೋಸ ಮಾಡಿದ್ದು ಹಿಕ್ಕೆ. ಈ ಹುಳದಿಂದ ಸಾಮಾನ್ಯವಾಗಿ ಭೇದಿ ಆಗುವುದೇ ಇಲ್ಲ, ಹಿಕ್ಕೆ ಗೋಲಿಯ ಹಾಗೇ ಬೀಳುತ್ತಿರುತ್ತದೆ. ಮರಿ ಹಾಕಿದ ಮೇಲಿನ ವಾರಗಳಲ್ಲಿ ತಾಯಿಯ ಮೈಯ ತಡೆ ಇಳಿದು ಹುಳ ಏರುತ್ತದೆ. ಮಳೆಗಾಲ ಬೇರೆ. ಮೇಲಿಂದ ನಾನು ಬೆಳಿಗ್ಗೆ ಏಳಕ್ಕೇ ಕೆರೆ ಹಿಂದಿನ ಹಸಿ ಹುಲ್ಲಿಗೆ ಕಟ್ಟುತ್ತಿದ್ದೆ. ಹುಳದ ಮರಿಗಳು ಹೆಚ್ಚಾಗಿ ಇಬ್ಬನಿಯ ಹುಲ್ಲಿನ ಬುಡದ ನಾಲ್ಕು ಬೆರಳಿನಲ್ಲೇ ಇರುತ್ತವೆ. ಜಮುನಾಪಾರಿ ಇಟಾವಾ ಕಡೆಯ ಯಮುನೆ, ಚಂಬಲ್ ಕಣಿವೆಗಳ ತಳಿ. ಹಿಂಗಾಲ ಮೇಲೆ ನಿಂತು ಮುಳ್ಳುಕಂಟಿಯ ಚಿಗುರು ಕೀಳುವ ಪ್ರಾಣಿ. ಅದನ್ನು ಎಮ್ಮೆ ಹಾಗೆ ನೆಲದ ಹುಲ್ಲಿಗೆ ಬಾಯಿ ಹಾಕಿಸಿದವನು ನಾನು.

ಆದ್ದರಿಂದ ಯಾವ ಪೌಡರ್ ಅನ್ನುವ ಪ್ರಶ್ನೆಯೇ ತಪ್ಪು ಅಂತ ನನ್ನ ಅಭಿಪ್ರಾಯ. ಕಣ್ಣಿನ ಒಳರೆಪ್ಪೆ ದಾಳಿಂಬೆ ಕಾಳಿನ ಹಾಗೆ ಕೆಂಪಗಿದ್ದರೆ ಸರಿ. ಬಿಳಚಿಕೊಂಡಿದ್ದರೆ, ಗದ್ದದ ಕೆಳಗೆ ನೀರು ತುಂಬಿದ ಹಾಗೆ ಊದಿದ್ದರೆ, ಇವತ್ತೇ ಡಾಕ್ಟರ ಹತ್ತಿರ ಹೋಗಿ. ದಕ್ಷಿಣ ಆಫ್ರಿಕಾದವರು ಇದಕ್ಕೆಂದೇ ಫಮಾಚಾ ಅಂತ ಬಣ್ಣದ ಚಾರ್ಟ್ ಮಾಡಿದ್ದಾರೆ. 1 ಅಂದರೆ ಚೆನ್ನಾಗಿ ಕೆಂಪು, 5 ಅಂದರೆ ಕಾಗದದ ಬಿಳಿ. ಬೆಳಗಿನ ತಾಜಾ ಹಿಕ್ಕೆ ಒಂದು ಹಿಡಿ ಜೊತೆಗೆ ಒಯ್ಯಿರಿ, ಹುಳದ ಮೊಟ್ಟೆ ಇದೆಯಾ ಅಂತ ನೋಡುತ್ತಾರೆ. ಔಷಧಿ ಅಂಗಡಿಯವರು ಕೊಟ್ಟ ಕುರಿಯ ಡೋಸನ್ನು ಕಣ್ಣಂದಾಜಿಗೆ ಕುಡಿಸಬೇಡಿ. ಹುಳದ ಔಷಧಿ ಎಷ್ಟೋ ಸಲ ಮೇಕೆಗೆ ಕುರಿಗಿಂತ ಜಾಸ್ತಿ ಬೇಕಾಗುತ್ತದೆ. ಕಮ್ಮಿ ಕೊಟ್ಟರೆ ಹುಳ ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತದೆ.

ಕಣ್ಣು ಕೆಂಪಗಿದೆಯಾ? ಹಾಗಾದರೆ ಕಲ್ಲುಪ್ಪು ಒಂದು ತೆಂಗಿನ ಕರಟದಲ್ಲಿಟ್ಟು, ಪಕ್ಕದಲ್ಲಿ ಧಾರಾಳ ನೀರಿಟ್ಟು ನೋಡಿ. ಗೋಡೆ ಬಿಟ್ಟು ಉಪ್ಪಿಗೆ ಬಂದರೆ ಐದು ರೂಪಾಯಿಯಲ್ಲಿ ಮುಗಿಯಿತು. ಹಾಲಿನ ಜೊತೆ ಉಪ್ಪು, ಸುಣ್ಣ, ರಂಜಕ ಎಲ್ಲ ದಿನಾ ಹೊರಗೆ ಹೋಗುತ್ತಿರುತ್ತದೆ. ಗೋಣಿಚೀಲ, ಮರದ ತೊಗಟೆ ಅಗಿಯುವುದು ಹೆಚ್ಚಾಗಿ ನಾರು ಸಾಲದ್ದಕ್ಕೆ. ಹುರುಳಿ ಹೊಟ್ಟು, ತೊಗರಿ ಹೊಟ್ಟು ಹಾಕಿ. ಅಗಸೆ, ಹಲಸಿನ ಸೊಪ್ಪು ಎದೆಮಟ್ಟಕ್ಕೆ ಕಟ್ಟಿ ತೂಗಿಬಿಡಿ. ನೆಲಕ್ಕೆ ಹಾಕಿ ತುಳಿದದ್ದನ್ನು ಮೇಕೆ ಮೂಸಿಯೂ ನೋಡುವುದಿಲ್ಲ, ಅಷ್ಟು ಮಡಿ ಅದಕ್ಕೆ. ಪ್ಲಾಸ್ಟಿಕ್ ಮಾತ್ರ ಒಂದು ಚೂರೂ ಸುತ್ತ ಇರಬಾರದು, ಒಳಗೆ ಹೋದದ್ದು ಹೊರಗೆ ಬರುವುದಿಲ್ಲ.

ಇಷ್ಟಾದ ಮೇಲೆ ಮಿನರಲ್ ಮಿಕ್ಸ್ಚರ್ ಕೊಡಿ, ಹಾಲಿನ ಮೇಕೆಗೆ ಅದು ಬೇಕೇ ಬೇಕು. ಒಂದೇ ಎಚ್ಚರಿಕೆ. ಅದೇ ಕೊಟ್ಟಿಗೆಯಲ್ಲಿ ಕುರಿಯೂ ಇದ್ದರೆ ದನದ ಡಬ್ಬ ಬೇಡ. ಅದರಲ್ಲಿರುವ ತಾಮ್ರ ಮೇಕೆ ತಡೆಯುತ್ತದೆ, ಕುರಿ ತಡೆಯುವುದಿಲ್ಲ.

ಕೊನೆಗೆ, ಹೋತ ಮೂತ್ರ ಮೂಸಿ ಮೇಲ್ತುಟಿ ಮಡಚುವುದು, ಮರಿ ಹಾಕಿದ ಮೇಲೆ ಮಾಸು ತಿನ್ನುವುದು, ಬೇವಿನ ಸೊಪ್ಪು ಖುಷಿಯಿಂದ ಮೇಯುವುದು, ಇವು ಯಾವುದೂ ಕಾಯಿಲೆ ಅಲ್ಲ. ಇವುಗಳಿಗೆ ಹೆದರಬೇಡಿ.

ಈಗ ಮೂರು ವಿಷಯ ಕೆಳಗೆ ಬರೆಯಿರಿ: ರೆಪ್ಪೆಯ ಬಣ್ಣ ಹೇಗಿದೆ, ಮರಿ ಹಾಕಿ ಎಷ್ಟು ದಿನ ಆಯಿತು, ದಿನಕ್ಕೆ ಜೋಳ ಎಷ್ಟು ಹಾಕುತ್ತಿದ್ದೀರಿ. ಇವತ್ತು ಸಂಜೆಗೆ ಬಾನಿ ತುಂಬಿಸಬೇಡಿ.