ಕಲಘಟಗಿ ತೊಟ್ಟಿಲು ಅಮೆರಿಕಕ್ಕೆ ತರಿಸಬೇಕಾ?

ಹುಬ್ಬಳ್ಳಿಯಿಂದ ಒಹಾಯೊಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಈಗ ಐದು ತಿಂಗಳ ಬಸುರಿ ಅಂತ ಬರೆದಿದ್ದೀರಿ. ನೀವು ಮಲಗಿ ಬೆಳೆದ ಕಲಘಟಗಿ ತೊಟ್ಟಿಲನ್ನೇ ಮೊಮ್ಮಗುವಿಗೂ ಕಳಿಸ್ತೀನಿ ಅಂತ ನಿಮ್ಮ ಅಮ್ಮ ಹಟ ಹಿಡಿದಿದ್ದಾರೆ. ನಿಮ್ಮ ಯಜಮಾನರು ಇಲ್ಲೇ ಒಂದು ಕ್ರಿಬ್, ಅಂದ್ರೆ ಸುತ್ತ ಕಂಬಿ ಇರುವ ಕೂಸಿನ ಮಂಚ, ತಗೊಂಡರೆ ಸಾಕು ಅಂತಾರೆ. ಇಲ್ಲಿ ಬಾಳಬೇಕು ಅಂದ್ರೆ ಇಂಥ ಆಸೆಗಳನ್ನೆಲ್ಲ ಬಿಟ್ಟುಬಿಡಬೇಕಾ ಅನ್ನೋದು ನಿಮ್ಮ ಪ್ರಶ್ನೆ.

ಬಿಡಬೇಡಿ. ತೊಟ್ಟಿಲು ತರಿಸಿ. ಕ್ರಿಬ್ಬನ್ನೂ ಕೊಳ್ಳಿ. ರಾತ್ರಿ ಮಗು ಮಲಗುವುದು ಕ್ರಿಬ್ಬಿನಲ್ಲೇ ಆಗಲಿ.

ಯಾಕೆ ಅಂತ ಹೇಳ್ತೀನಿ. ನಮ್ಮ ಕಡೆ ತೊಟ್ಟಿಲಲ್ಲಿ ಕೂಸು ಮಲಗಿದ್ದರೆ ಅದರ ಪಕ್ಕ ಯಾರಾದರೂ ಇದ್ದೇ ಇರುತ್ತಾರೆ. ಅಜ್ಜಿ ಹೂಬತ್ತಿ ಹೊಸೆಯುತ್ತಾ ಒಂದು ಕೈಯಲ್ಲಿ ಹಗ್ಗ ಎಳೀತಿರುತ್ತಾರೆ. ಅತ್ತೆ ಬಂದು ಇಣುಕುತ್ತಾರೆ, ಪಕ್ಕದ ಮನೆಯವರು ಬಂದು ಇಣುಕುತ್ತಾರೆ. ತೊಟ್ಟಿಲು ತುಂಬಿದ ಮನೆಯ ವಸ್ತು. ಇಲ್ಲಿ ರಾತ್ರಿ ಎರಡು ಗಂಟೆಗೆ ಮನೆಯಲ್ಲಿ ಇರುವವರು ನೀವಿಬ್ಬರೇ, ಅದೂ ನಿದ್ದೆಗೆಟ್ಟು. ಯಾರೂ ನೋಡುತ್ತಿಲ್ಲದ ಹೊತ್ತಿಗೂ ಮಗು ಸುರಕ್ಷಿತವಾಗಿ ಇರಬೇಕು ಅಂತಲೇ ಕ್ರಿಬ್ ಮಾಡಿರುವುದು. ಈ ವ್ಯತ್ಯಾಸ ಅರ್ಥವಾದರೆ ಇಲ್ಲಿನ ಬದುಕಿನ ಬಗ್ಗೆ ನೀವು ಕೇಳಿದ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ.

ಇಲ್ಲಿನ ಮಕ್ಕಳ ಡಾಕ್ಟರು ಮೊದಲ ಭೇಟಿಯಲ್ಲೇ ಮಗು ಎಲ್ಲಿ ಮಲಗುತ್ತದೆ ಅಂತ ಕೇಳಬಹುದು. ಎಲ್ಲರನ್ನೂ ಕೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಅವರು ಹೇಳುವುದು ಇಷ್ಟೇ: ಅಂಗಾತ ಮಲಗಿಸಿ, ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿ ಇರಲಿ, ದಿಂಬು ಹೊದಿಕೆ ಏನೂ ಬೇಡ. 1994ರಲ್ಲಿ ಅಂಗಾತ ಮಲಗಿಸುವ ಬಗ್ಗೆ ಇಲ್ಲಿ ದೊಡ್ಡ ಪ್ರಚಾರ ಶುರುವಾಯಿತು. ಆಮೇಲಿನ ವರ್ಷಗಳಲ್ಲಿ ನಿದ್ದೆಯಲ್ಲೇ ಕಾರಣವಿಲ್ಲದೆ ಸಾಯುವ ಕೂಸುಗಳ ಸಂಖ್ಯೆ ಅರ್ಧದಷ್ಟು ಇಳಿಯಿತು. ಜೋಲಿಯಲ್ಲಿ, ಬಗ್ಗಿದ ತೊಟ್ಟಿಲಲ್ಲಿ ಏನಾಗುತ್ತದೆ ಅಂದ್ರೆ, ಎಳೆಗೂಸಿನ ತಲೆ ಭಾರ, ಕುತ್ತಿಗೆಗೆ ಬಲ ಇಲ್ಲ. ಗದ್ದ ಎದೆಗೆ ತಾಗಿದರೆ ಉಸಿರಾಡುವ ದಾರಿ ಕಿರಿದಾಗುತ್ತದೆ. ಅಳೋಕೂ ಆಗಲ್ಲ, ಹಾಗಾಗಿ ನಿಮಗೆ ಗೊತ್ತೇ ಆಗಲ್ಲ. ತಲೆ ದುಂಡಗಾಗಲಿ ಅಂತ ಅಮ್ಮ ಸಾಸಿವೆ ದಿಂಬು ಹೊಲಿದು ತಂದರೂ ಅಷ್ಟೇ. ಪ್ರೀತಿಯಿಂದ ತಗೊಳ್ಳಿ, ಮಗುವಿನ ತಲೆ ಕೆಳಗೆ ಇಡಬೇಡಿ.

ಒಂದು ಸಮಾಧಾನ ಇದೆ. ಮಗುವನ್ನು ಹುಟ್ಟಿದ ದಿನದಿಂದಲೇ ಬೇರೆ ರೂಮಲ್ಲಿ ಮಲಗಿಸ್ತಾರಂತೆ ಅಂತ ಊರಲ್ಲಿ ಹೆದರಿಸಿರುತ್ತಾರೆ ಅಲ್ವಾ? ಇಲ್ಲಿನ ಮಕ್ಕಳ ಡಾಕ್ಟರುಗಳ ಅಕಾಡೆಮಿಯೇ ಕನಿಷ್ಠ ಆರು ತಿಂಗಳು ಮಗು ನಿಮ್ಮ ರೂಮಲ್ಲೇ ಇರಲಿ, ಹಾಸಿಗೆ ಮಾತ್ರ ಬೇರೆ ಇರಲಿ ಅನ್ನುತ್ತದೆ. ಇದನ್ನು ಅಮ್ಮನಿಗೆ ಮೊದಲೇ ಹೇಳಿಬಿಡಿ.

ಕ್ರಿಬ್ ಕೊಳ್ಳುವಾಗ ಹೊಸದನ್ನೇ ಕೊಳ್ಳಿ. ನಮ್ಮ ಕನ್ನಡದವರೇ ಯಾರೋ ಪ್ರೀತಿಯಿಂದ ಹಳೆಯದನ್ನು ಕೊಡೋಕೆ ಬಂದರೆ, ಪಕ್ಕದ ಕಟಕಟೆ ಮೇಲೆ ಕೆಳಗೆ ಜಾರುವಂಥದ್ದಾ ಅಂತ ನೋಡಿ. 2011ರ ಜೂನ್‌ನಿಂದ ಅಂಥವನ್ನು ಇಲ್ಲಿ ಮಾರುವ ಹಾಗಿಲ್ಲ. ಜಾರುವ ಕಟಕಟೆಯ ಕೀಲು ಸಡಿಲವಾಗಿ, ಅದಕ್ಕೂ ಹಾಸಿಗೆಗೂ ನಡುವೆ ಸಿಕ್ಕಿ 30ಕ್ಕೂ ಹೆಚ್ಚು ಮಕ್ಕಳು ಸತ್ತ ಮೇಲೆ ಬಂದ ಕಾನೂನು ಅದು. ಕಂಬಿಗಳ ನಡುವಿನ ಸಂದು 6 ಸೆಂಟಿಮೀಟರಿಗಿಂತ ಜಾಸ್ತಿ ಇರಬಾರದು. ಸೋಡಾ ಕ್ಯಾನ್ ತೂರಿದರೆ ಆ ಕ್ರಿಬ್ ಬೇಡ. ಸುತ್ತ ಕಟ್ಟುವ ಮೆತ್ತನೆಯ ಬಂಪರ್‌ಗಳ ಮಾರಾಟವನ್ನೂ 2022ರಲ್ಲಿ ಕಾನೂನು ತಂದು ನಿಲ್ಲಿಸಿದರು.

ನನ್ನ ಮನೆಯ ಬೇಸ್‌ಮೆಂಟಿನಲ್ಲಿ ಅಂಥದ್ದೇ ಜಾರುವ ಕಟಕಟೆಯ ಕ್ರಿಬ್ ಇದೆ. 2006ರಲ್ಲಿ ಮಗ ಹುಟ್ಟಿದಾಗ ತಂದದ್ದು. ಈಗ ಮಾರುವ ಹಾಗಿಲ್ಲ, ದಾನ ಕೊಟ್ಟರೆ ಯಾರೂ ತಗೊಳ್ಳಲ್ಲ. ಬಿಚ್ಚಿ ಕಸಕ್ಕೆ ಹಾಕು ಅಂತ ಎಲ್ಲರೂ ಹೇಳಿದರು. ಬಿಚ್ಚಿದೆ, ಕಸಕ್ಕೆ ಹಾಕಲಿಲ್ಲ, ಹಾಕೋದೂ ಇಲ್ಲ. ಅದರ ಹಾಸಿಗೆಯ ಚೌಕಟ್ಟಿಗೆ ಮೂರು ಮಟ್ಟ ಇತ್ತು. ಮಗ ಮಗ್ಗುಲಾಗೋವರೆಗೆ ಮೇಲಿನದು, ಕೂರಲು ಕಲಿತಾಗ ನಡುವಿನದು, ಕಂಬಿ ಹಿಡಿದು ನಿಂತಾಗ ಕೆಳಗಿನದು. ಪ್ರತಿ ಸಲ ಇಳಿಸುವಾಗ ನನ್ನ ಗಂಡ ನೆಲದ ಮೇಲೆ ಕೂತು ಆರು ಮೂಲೆಯ ಸಣ್ಣ ಕೀಲಿ ತಿರುಗಿಸುತ್ತಿದ್ದರು, ನಾನು ಚೌಕಟ್ಟು ಎತ್ತಿ ಹಿಡಿಯುತ್ತಿದ್ದೆ. ಆ ಕೀಲಿ ಈಗಲೂ ಅಡ್ಡಪಟ್ಟಿಗೆ ಟೇಪ್ ಹಚ್ಚಿದ ಹಾಗೇ ಇದೆ. ಮೇಲಿನ ಪಟ್ಟಿಯ ಬಿಳಿ ಬಣ್ಣವನ್ನು ಮಗ ಮುಂದಿನ ಎರಡು ಹಲ್ಲಿನಿಂದ ಕೆರೆದು ಹಾಕಿದ್ದಾನೆ, ಒಂದು ಗೇಣು ಉದ್ದ. ತವರಿನಿಂದ ಬಂದ ವಸ್ತು ಅಲ್ಲ, ಮಳಿಗೆಯಿಂದ ಡಬ್ಬದಲ್ಲಿ ಬಂದ ಪೈನ್ ಮರ. ಆದರೂ ಅದರ ಮೇಲೆ ನನಗೆ ಎಷ್ಟು ಜೀವ ಅಂದ್ರೆ, ಮನೆ ಬದಲಿಸಿದಾಗ ಮೊದಲು ಟ್ರಕ್ಕಿಗೆ ಏರಿಸಿದ್ದು ಅದನ್ನೇ. ನಿಮಗೂ ಹೀಗೇ ಆಗುತ್ತದೆ. ಅಮ್ಮನ ತೊಟ್ಟಿಲ ಮೇಲೆ ಇರುವ ಪ್ರೀತಿ ಇದರಿಂದ ಕಮ್ಮಿ ಆಗಲ್ಲ.

ಈಗ ತೊಟ್ಟಿಲ ವಿಷಯ. ಕಲಘಟಗಿಯ ಚಿತ್ರಗಾರರು ಮಾಡಿದ ಹಳೆಯ ತೊಟ್ಟಿಲಾದರೆ ತೇಗದ್ದೇ ಇರಬೇಕು. ತೇಗಕ್ಕೆ ತೊಂದರೆ ಇಲ್ಲ. ಬೀಟೆ ಮರದ್ದಾದರೆ ಕೇಳಿ ನೋಡಿ, 2017ರಿಂದ ಬೀಟೆ ಸೈಟಿಸ್ (ಅಳಿವಿನ ಅಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, 10 ಕೆಜಿಗಿಂತ ಜಾಸ್ತಿ ಮರ ಇದ್ದರೆ ಪರವಾನಗಿ ಬೇಕು. ಒಂದು ವರ್ಷಕ್ಕಿಂತ ಹೆಚ್ಚು ಬಳಸಿದ ಮನೆ ಸಾಮಾನಿಗೆ ಇಲ್ಲಿ ಸುಂಕ ಇಲ್ಲ. ಕೃಷ್ಣಲೀಲೆಯ ಚಿತ್ರಗಳ ಮೂಲ ಅರಗಿನ ಬಣ್ಣ ಉಳಿದಿದೆಯಾ, ನಡುವೆ ಯಾರಾದರೂ ಅಂಗಡಿ ಪೇಂಟ್ ಬಳಿದಿದ್ದಾರಾ ಅಂತ ಅಮ್ಮನ್ನ ಕೇಳಿ. ಭಾರತದಲ್ಲಿ ಪೇಂಟಿನ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಳೆಯ ಪೇಂಟ್ ಆದರೆ ಮಗು ಬಾಯಿ ಹಾಕದ ಹಾಗೆ ಬಟ್ಟೆ ಸುತ್ತಿ. ಮತ್ತೆ, ಇಲ್ಲಿನ ಚಾವಣಿ ಜಿಪ್ಸಮ್ ಹಲಗೆ. ಊರಿನ ಮನೆಯ ತೊಲೆಗೆ ಕೊಂಡಿ ಹಾಕಿದ ಹಾಗೆ ಹಾಕಿದರೆ ಕಿತ್ತುಕೊಂಡು ಬರುತ್ತದೆ. ಊರಿನ ಬಡಗಿಯ ಹತ್ತಿರ ಬಿಚ್ಚಿ ಜೋಡಿಸುವ ಸ್ಟ್ಯಾಂಡ್ ಮಾಡಿಸಿ ಒಟ್ಟಿಗೇ ಕಳಿಸಲು ಹೇಳಿ. ಬಿಚ್ಚುವ ಮೊದಲು ಪ್ರತಿ ಭಾಗಕ್ಕೂ ನಂಬರ್ ಬರೆದು ಫೋಟೋ ತೆಗೆಯಲಿ.

ಅಮ್ಮನಿಗೆ ಹೇಗೆ ಹೇಳಲಿ ಅಂತ ಕೇಳಿದ್ದೀರಿ. ನಿಮ್ಮ ತೊಟ್ಟಿಲು ಸೇಫ್ ಅಲ್ಲ ಅನ್ನಬೇಡಿ, ಅದರಲ್ಲೇ ನಿಮ್ಮನ್ನು ಬೆಳೆಸಿದವರು ಅವರು. ತೊಟ್ಟಿಲಿಗೆ ಹಾಕುವ ಶಾಸ್ತ್ರ ಇದರಲ್ಲೇ ಆಗಬೇಕು, ನೀನೇ ಬಂದು ಹಾಡಬೇಕು ಅನ್ನಿ. ಹಗಲು ಅವರು ಪಕ್ಕದಲ್ಲಿ ಕೂತಿದ್ದಾಗ ಮಗುವನ್ನು ಒಂದಿಷ್ಟು ಹೊತ್ತು ತೂಗಲಿ, ನಿದ್ದೆ ಹತ್ತಿದ ಮೇಲೆ ಕ್ರಿಬ್ಬಿಗೆ ಎತ್ತಿ ಹಾಕಿ. ಹಡಗಿನಲ್ಲಿ ಸಾಮಾನು ಬರಲು ಎರಡು ಮೂರು ತಿಂಗಳು ಹಿಡಿಯಬಹುದು, ಆದ್ದರಿಂದ ಈ ವಾರವೇ ಫೋನ್ ಮಾಡಿ. ಹನ್ನೆರಡನೇ ದಿನಕ್ಕೆ ಬರದಿದ್ದರೆ ಕೊರಗಬೇಡಿ. ಅಮ್ಮನ ವೀಸಾ, ತೊಟ್ಟಿಲು ಎರಡೂ ಬಂದ ಮೇಲೆ ಮೂರನೇ ತಿಂಗಳಲ್ಲೋ ಐದನೇ ತಿಂಗಳಲ್ಲೋ ಶಾಸ್ತ್ರ ಇಟ್ಟುಕೊಳ್ಳಿ, ಇಲ್ಲಿ ಎಷ್ಟೋ ಮನೆಗಳಲ್ಲಿ ಹಾಗೇ ಮಾಡುತ್ತಾರೆ.